ಹಾಟ್ ಪ್ಲಗ್ಗಿನ ಹಠ

ಹೆಂಡತಿ ನಮಗಿಂತ ಚೆನ್ನಾಗಿ ಹಾಡಿದರೆ ಸಹಿಸಬಹುದು. ನಮಗಿಂತ ಚೆನ್ನಾಗಿ ಇಂಜಿನ್ ಬಿಚ್ಚಿದರೆ? ನನ್ನ ಹೇಮಲತಾ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಜಿನ್ ಪರೀಕ್ಷೆ ಮಾಡುವವಳು. ನಾನು ವೈಟ್‌ಫೀಲ್ಡಿನಲ್ಲಿ ಎಕ್ಸೆಲ್ ಶೀಟುಗಳ ಚಕ್ರವರ್ತಿ. ಆದರೂ ಅವಳ ತಮ್ಮ ಮಲ್ಲಿಕ್ ಬಾಗಲಗುಂಟೆಯ ನಮ್ಮ ಮನೆಯಂಗಳದಲ್ಲಿ ನೇರ ದಾರಿಯಲ್ಲಿ ಶರವೇಗದಿಂದ ಓಡಿಸುವ ಡ್ರ್ಯಾಗ್ ರೇಸಿಗೆಂದು ಬೈಕ್ ಸಜ್ಜು ಮಾಡತೊಡಗಿದಾಗ ಮುಖ್ಯ ತಾಂತ್ರಿಕ ಸಲಹೆಗಾರನ ಪೀಠವನ್ನು ನಾನೇ ಅಲಂಕರಿಸಿದೆ. (ಯಾರೂ ಕರೆದಿರಲಿಲ್ಲ.)

ಕಂಪ್ರೆಷನ್ ಹದಿಮೂರಕ್ಕೇರಿತ್ತು. ಎಂದರೆ, ಬೆಳಗಿನ ಎಂಟು ಗಂಟೆಯ ಬಸ್ಸಿಗೆ ಜನರನ್ನು ತುರುಕುವಂತೆ ಪೆಟ್ರೋಲನ್ನೂ ಗಾಳಿಯನ್ನೂ ಇಂಜಿನ್ನಿಗೆ ತುರುಕಿದ್ದರು. ಇನ್ನು ಬೇಕಾಗಿದ್ದದ್ದು ಸ್ಪಾರ್ಕ್ ಪ್ಲಗ್ ಮಾತ್ರ.

"ಕೋಲ್ಡ್ ಪ್ಲಗ್ಗೇ ಹಾಕ್ಬೇಕು" ಎಂದಳು ಹೇಮಲತಾ.

"ಬೆಂಕಿ ಹಚ್ಚೋಕೆ ತಣ್ಣಗಿರೋ ಪ್ಲಗ್ಗಾ? ಬೆಂಕಿಪೊಟ್ಟಣಾನ ಫ್ರಿಜ್ಜಲ್ಲಿಡ್ತೀಯಾ?" ಎಂದು ನಕ್ಕೆ.

"ರೀ, ಕಿಡಿ ಬಿಸಿಯಾಗಿರೋ ಪ್ರಶ್ನೆ ಅಲ್ಲ. ಕೋಲ್ಡ್ ಪ್ಲಗ್ ತನ್ನ ಕಾವನ್ನ ಬೇಗ ಬಿಟ್ಟುಕೊಡುತ್ತೆ. ಹಾಟ್ ಪ್ಲಗ್ ಹಿಡ್ಕೊಂಡು ಕೂರುತ್ತೆ, ನಿಮ್ಮ ಕೋಪದ ಥರ. ಒಗ್ಗರಣೆ ಸೌಟು ಕೆಂಪಗೆ ಕಾದ್ರೆ ಸಾಸಿವೆ ಹಾಕೋ ಮುಂಚೇನೇ ಎಣ್ಣೆ ಹತ್ಕೊಳ್ಳಲ್ವಾ? ಇದೂ ಅಷ್ಟೇ. ಕಿಡಿಗೆ ಮುಂಚೆ ಪೆಟ್ರೋಲ್ ಉರಿದ್ರೆ ಪಿಸ್ಟನ್ನೇ ತೂತಾಗುತ್ತೆ."

ಒಗ್ಗರಣೆ ಸೌಟಿನಿಂದ ಸೋಲುವುದೇ? ಮರುದಿನ ಮಲ್ಲಿಕ್, "ಭಾವ, ಅಕ್ಕ ಹೇಳಿದ ಕೋಲ್ಡ್ ಪ್ಲಗ್ ತಂದ್ಬಿಡಿ" ಎಂದಾಗ ವಿಧೇಯನಾಗಿ ತಲೆಯಾಡಿಸಿದೆ. ಅತಿ ಹಾಟ್ ಪ್ಲಗ್ಗನ್ನೇ ತಂದು ಹಾಕಿಸಿ, ಗೆದ್ದ ಮೇಲೆ ರಹಸ್ಯ ಬಿಚ್ಚುವುದೆಂದು ಅಂಗಡಿಗೆ ಹೋದೆ.

ಅಂಗಡಿಯ ಗದಿಗೆಪ್ಪ ಏಳು, ಎಂಟು, ಒಂಬತ್ತನೇ ನಂಬರಿನ ಪ್ಲಗ್ಗುಗಳನ್ನು ಸಾಲಾಗಿ ಇಟ್ಟ. ಯಾವುದು ಹಾಟ್ ಎಂದು ಕೇಳಿದರೆ ಸಲಹೆಗಾರನ ಮಾನ ಉಳಿದೀತೇ? ದೊಡ್ಡ ನಂಬರಿಗೆ ದೊಡ್ಡ ಬೆಂಕಿ ಎಂದು ಲೆಕ್ಕ ಹಾಕಿ, "ಒಂಬತ್ತು ಕೊಡಿ" ಎಂದೆ.

"ರೇಸಿಗಾ ಸಾರ್? ನಿಮಗೆಲ್ಲ ಗೊತ್ತಿರ್ತದೆ ಬಿಡಿ" ಎಂದು ಆತ ಗೌರವದಿಂದ ನೋಡಿದ.

ಮನೆಯಲ್ಲಿ ಹೇಮಲತಾ ಪ್ಲಗ್ಗನ್ನು ತಿರುಗಿಸಿ ನಂಬರ್ ಓದಿದಳು. "ಪರವಾಗಿಲ್ವೇ, ಸರಿಯಾದ್ದೇ ತಂದಿದ್ದೀರಿ" ಎಂದು ತಾನೇ ಬಿಗಿದಳು. ಇಂಜಿನ್ ಪಂಡಿತೆಗೆ ಮಂಕುಬೂದಿ ಎರಚಿದೆನೆಂದು ಒಳಗೊಳಗೇ ಹಿಗ್ಗಿದೆ.

ಭಾನುವಾರ ಮಾಕಳಿಯಾಚೆಯ ಖಾಸಗಿ ಟ್ರ್ಯಾಕಿನಲ್ಲಿ ರೇಸು. ಮೊದಲ ಸುತ್ತಿನಲ್ಲೇ ಒಂದು ಬೈಕ್ ಢಮಾರೆಂದಿತು. ಬಿಳಿ ಹೊಗೆ, ಹಿಂದಿನ ಚಕ್ರ ಬಿಗಿದುಕೊಂಡು ಸವಾರ ಹತ್ತು ಮಾರು ಜಾರಿದ. ಪುಣ್ಯಕ್ಕೆ ಎದ್ದು ನಿಂತ. ಪಕ್ಕದಲ್ಲಿದ್ದ ಮೆಕ್ಯಾನಿಕ್ ನಿಟ್ಟುಸಿರಿಟ್ಟ: "ಹಾಟ್ ಪ್ಲಗ್ ಹಾಕಿದ್ದ ಗುರು. ಪಿಸ್ಟನ್ ತೂತು."

ಕಾಫಿ ಲೋಟವನ್ನು ಅಲ್ಲೇ ಬಿಸಾಡಿದೆ. ಮುಂದಿನ ಸುತ್ತಿಗೆ ಮಲ್ಲಿಕ್ ಗೆರೆಯ ಮೇಲೆ ನಿಂತಿದ್ದ. ಪ್ರೇಕ್ಷಕರನ್ನು ತಡೆಯಲು ಕಟ್ಟಿದ್ದ ಹಗ್ಗ ಹಾರಿ ಓಡಿದೆ. (ಹಾರಿದೆ ಎಂದದ್ದು ಉತ್ಪ್ರೇಕ್ಷೆ, ಎಡವಿ ಉರುಳಿದೆ.) ಬೈಕಿನ ಮುಂದೆ ಎರಡೂ ಕೈ ಚಾಚಿ ನಿಂತು ಅರಚಿದೆ:

"ಇಳಿಯೋ ಮಲ್ಲಿಕ್! ನಾನು ತಂದಿದ್ದು ಹಾಟ್ ಪ್ಲಗ್ಗು! ನಿಮ್ಮಕ್ಕಂಗೂ ಮೋಸ ಮಾಡ್ಬಿಟ್ಟೆ ಕಣೋ!"

ಮುನ್ನೂರು ಜನ ಕತ್ತು ಚಾಚಿದರು. ಹೇಮಲತಾ ಓಡಿ ಬಂದಳು.

"ಒಂಬತ್ತರ ಬದಲು ಬೇರೆ ಹಾಕಿದ್ರಾ?"

"ಇಲ್ಲ, ಅದೇ ಒಂಬತ್ತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹಾಟು!"

ಅವಳು ಕಣ್ಣು ಮುಚ್ಚಿ ತೆರೆದಳು. "ರೀ, ಆ ಕಂಪನಿ ಪ್ಲಗ್ಗಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡು. ನೀವು ಅಂಗಡೀಲಿದ್ದ ಅತೀ ತಣ್ಣಗಿನ ಪ್ಲಗ್ಗೇ ತಂದಿದ್ದೀರಿ."

ಅಲ್ಲೇ ಡಾಂಬರಿನ ಮೇಲೆ ಕುಳಿತೆ. ನಾಚಿಕೆಯಾಗಬೇಕಿತ್ತು, ಕಣ್ಣಲ್ಲಿ ಬಂದದ್ದು ಸಮಾಧಾನದ ನೀರು. ಇಬ್ಬರು ಸ್ವಯಂಸೇವಕರು ನನ್ನನ್ನು ಗಣೇಶನ ಮೂರ್ತಿಯಂತೆ ಎತ್ತಿ ಬದಿಗಿಟ್ಟರು. ಮಲ್ಲಿಕ್ ಬಾಣದಂತೆ ಹೋಗಿ, ಕೊನೆಗೆ ಎರಡನೇ ಬಹುಮಾನ ಹೊತ್ತು ನಗುನಗುತ್ತ ಬಂದ.

"ಭಾವ, ಬಾಯ್ಮುಚ್ಕೊಂಡಿದ್ದಿದ್ರೆ ಇವತ್ತು ನೀವೇ ಹೀರೋ ಆಗ್ತಿದ್ರಿ!"

"ಬಿಡೋ" ಎಂದಳು ಹೇಮಲತಾ, ನನ್ನ ಮಂಡಿಯ ತರಚುಗಾಯಕ್ಕೆ ಮುಲಾಮು ಸವರುತ್ತ. "ನಿಮ್ಮ ಭಾವಂಗೆ ತಪ್ಪು ಮಾಡೋದೂ ಸರಿಯಾಗಿ ಬರಲ್ಲ. ಅದಕ್ಕೇ ನೀನು ಬಚಾವಾದೆ!"