ಮಸ್ಕತ್ತಿನಿಂದ ಬಂದ ಬಿಳಿ ಜೋಡು

ಯುಗಗಳಲ್ಲೆಲ್ಲ ಕಡೆಯದಾದ, ಮನುಷ್ಯರು ಕಾಲಿಗೆ ಹಾಕಬೇಕಾದುದನ್ನು ಗಾಜಿನ ಕಪಾಟಿನಲ್ಲಿಟ್ಟು ಅದರೆದುರು ಬರಿಗಾಲಲ್ಲಿ ನಿಂತು ಕಣ್ತುಂಬಿಕೊಳ್ಳುವ ಈ ಕಲಿಯುಗದಲ್ಲಿ, ಪಡುಗಡಲ ತೀರದ ಸುರತ್ಕಲ್ ಎಂಬ ಪಟ್ಟಣದಲ್ಲಿ, ಕನ್ನಡಕದಂಗಡಿಯ ಮಾರಾಟಗಾರನೂ ಗುಲಾಬಿಯಕ್ಕನ ಏಕಮಾತ್ರ ಪುತ್ರನೂ ಎಂಟು ನಂಬರಿನ ಚರಣಯುಗಲದ ಒಡೆಯನೂ ಆದ ರಿತೇಶ ಸಾಲ್ಯಾನನೆಂಬ ಮಹಾವೀರನಿದ್ದನು. ಎಲೈ ವಾಗ್ದೇವಿಯೇ, ಅವನ ಪರಾಕ್ರಮವನ್ನು ಹೇಳುವ ಶಕ್ತಿಯನ್ನು ನನಗೆ ದಯಪಾಲಿಸು. ನಡುವೆ ನಗು ಬಂದರೆ ತಡೆದುಕೊಳ್ಳುವ ಶಕ್ತಿಯನ್ನೂ ಕೊಟ್ಟರೆ ಉಪಕಾರವಾದೀತು.

ಆ ವೀರನು ಬಯಸಿದ್ದು ರಾಜ್ಯವನ್ನಲ್ಲ, ರಾಜಕುವರಿಯನ್ನೂ ಅಲ್ಲ. ಜಗತ್ತಿನಲ್ಲಿ ಆರುನೂರು ಜೋಡಿ ಮಾತ್ರ ಹುಟ್ಟಿ, ಆರುನೂರಾ ಒಂದನೆಯದು ಎಂದೂ ಹುಟ್ಟಕೂಡದೆಂದು ತಯಾರಕರೇ ಶಪಥಗೈದ, ಕ್ಷೀರಫೇನಧವಳವೂ ನೀಲರೇಖಾಂಕಿತವೂ ಆದ ಒಂದು ಜೋಡಿ ಶೂಗಳನ್ನು. ಅವುಗಳಲ್ಲಿ ಒಂದು ಜೋಡಿ ಕದ್ರಿಯ ಶೈಲೇಶ ಬಂಗೇರನ ವಶದಲ್ಲಿತ್ತು. ಈ ಶೈಲೇಶನು ಎಲ್ಲೆಲ್ಲಿಂದಲೋ ಅಪರೂಪದ ಶೂಗಳನ್ನು ತರಿಸಿ, ಮೂರು ಪಟ್ಟು ಬೆಲೆಗೆ ಮಾರುವುದರಲ್ಲಿ ನಿಸ್ಸೀಮನು. ಪ್ರತಿ ಭಾನುವಾರ ಅವನ ಅಂಗಡಿಯಲ್ಲಿ ಊರಿನ ಶೂಪ್ರಿಯರು ಆರೇಳು ಮಂದಿ ಸೇರಿ, ಯಾರೂ ಕೊಳ್ಳಲಾಗದ ಶೂಗಳ ಬಗ್ಗೆ ವೇದಾಂತಿಗಳಿಗಿಂತ ಗಂಭೀರವಾಗಿ ಚರ್ಚಿಸುತ್ತಿದ್ದರು.

ಅಂಥದೊಂದು ಭಾನುವಾರ, ಆ ಮಹಾಸಭೆಯ ನಡುವೆ ನಮ್ಮ ವೀರನು ಎದ್ದು ನಿಂತು ಘೋರಪ್ರತಿಜ್ಞೆ ಮಾಡಿದನು. "ಎಲವೋ ತ್ರಿಗುಣಮೂಲ್ಯಲೋಲುಪನೇ! ಸಪ್ತಸಾಗರಗಳಾಚೆಯ ಮೂಲವಿಕ್ರಯಶಾಲೆಯಿಂದಲೇ ಆ ರತ್ನವನ್ನು ನ್ಯಾಯಬೆಲೆಗೆ ಗೆದ್ದು ತಾರದಿದ್ದರೆ ನಾನು ಸಾಲ್ಯಾನ ಕುಲದವನೇ ಅಲ್ಲ!" ಕವಿಯ ಕಿವಿಗೆ ಕೇಳಿಸಿದ್ದು ಹೀಗೆ. ಅವನ ಬಾಯಿಂದ ಬಂದದ್ದು ಮಾತ್ರ ಇಷ್ಟು:

"ನಿನ್ನ ಹತ್ರ ತೆಗೊಳ್ಳುದಿಲ್ಲ ಮಾರಾಯ. ಜಪಾನಿಂದ್ಲೇ ತರಿಸ್ತೇನೆ. ನೋಡ್ತಾ ಇರು."

ಶೈಲೇಶನು ಚಹಾದ ಲೋಟ ಕೆಳಗಿಟ್ಟು ಮುಗುಳ್ನಕ್ಕನು. "ತರ್ಸು. ಡಬ್ಬಿ, ಟ್ಯಾಗು ಎಲ್ಲ ಸರಿ ಇರ್ಬೇಕು ಆಯ್ತಾ? ಹಾಗೆ ತಂದ್ರೆ ನಾನು ಎಲ್ಲರ ಎದುರು ಹೇಳ್ತೇನೆ, ನನ್ನ ರೇಟು ಸುಳ್ಳು ಅಂತ. ತರ್ಲಿಕ್ಕೆ ಆಗದಿದ್ರೆ ನನ್ನ ರೇಟೇ ಸರಿ ಅಂತ ನೀನು ಹೇಳ್ಬೇಕು."

ಸಭೆ ಹೋ ಎಂದು ಕೂಗಿತು. ಆ ಕ್ಷಣದಿಂದ ರಿತೇಶನಿಗೆ ಶೂ ಬರಿಯ ಶೂ ಆಗಿ ಉಳಿಯಲಿಲ್ಲ, ಅದು ಮಾನದ ಪ್ರಶ್ನೆಯಾಯಿತು. ಮಾನವನ್ನು ಕಾಲಿಗೆ ಕಟ್ಟಿಕೊಂಡವನು ನಡೆಯುವುದು ಕಷ್ಟ. ಅವನಿಗೆ ಊಟ ರುಚಿಸಲಿಲ್ಲ. ಅಂಗಡಿಗೆ ಬಂದ ಹಿರಿಯರೊಬ್ಬರಿಗೆ ದೂರ ನೋಡುವ ಕನ್ನಡಕದ ಬದಲು ಓದುವ ಕನ್ನಡಕ ಕೊಟ್ಟು ಕಳಿಸಿ ಬೈಸಿಕೊಂಡನು.

ಆ ಶೂಗಳ ಕೊನೆಯ ಕಂತನ್ನು ಮಾರಲಿದ್ದ ಜಪಾನಿನ ಒಸಾಕಾ ನಗರದ ಅಂಗಡಿಯು ಭಾರತವರ್ಷವೆಂಬ ಪುಣ್ಯಭೂಮಿಗೆ ಸಾಮಾನು ಕಳಿಸುತ್ತಿರಲಿಲ್ಲ. ಓಮನ್ ದೇಶಕ್ಕೆ ಕಳಿಸುತ್ತಿತ್ತು. ಮಸ್ಕತ್ತಿನ ಶೀತಲಗೃಹವೊಂದರಲ್ಲಿ ಮೂವತ್ತು ವರ್ಷಗಳಿಂದ ಮೀನಿನ ಪೆಟ್ಟಿಗೆಗಳನ್ನು ಕಾಯುತ್ತಿದ್ದ ಭುಜಂಗ ಮಾವ, ಅಂದರೆ ಗುಲಾಬಿಯಕ್ಕನ ಅಣ್ಣ, ಮುಂದಿನ ತಿಂಗಳು ರಜೆಯ ಮೇಲೆ ಊರಿಗೆ ಬರುವವರಿದ್ದರು. ವೀರನು ಮಾವನ ವಿಳಾಸವನ್ನು ದಿವ್ಯಾಸ್ತ್ರದಂತೆ ಬತ್ತಳಿಕೆಗೆ ಸೇರಿಸಿಕೊಂಡನು.

ಬಂದಿತು ಯುದ್ಧದ ಮುಂಜಾವು. ಮಾರಾಟ ತೆರೆಯುವಾಗ ಒಸಾಕಾದಲ್ಲಿ ಹತ್ತು ಗಂಟೆ, ಸುರತ್ಕಲ್ಲಿನಲ್ಲಿ ಆರೂವರೆ. ವೀರನು ಲ್ಯಾಪ್‌ಟಾಪಿನ ಮುಂದೆ ವಜ್ರಾಸನದಲ್ಲಿ ಕುಳಿತನು. ಪರದೆಯ ಮೇಲೆ ಚಕ್ರವೊಂದು ಗಿರಗಿರನೆ ತಿರುಗತೊಡಗಿತು. ನಾಲ್ಕು ಸಾವಿರ ಯೋಧರು ಅವನೊಡನೆ ಸಾಲಿನಲ್ಲಿ ನಿಂತಿದ್ದರು. ಚಕ್ರ ನಿಂತಾಗ, ನೀನು ಮನುಷ್ಯನೇ ಎಂದು ಯಂತ್ರವು ಕೇಳಿತು. ಅದನ್ನು ರುಜುವಾತುಪಡಿಸಲು ವೀರನು ಒಂಬತ್ತು ಚಿತ್ರಗಳಲ್ಲಿ ಬಸ್ಸು ಇರುವ ಚಿತ್ರಗಳನ್ನೆಲ್ಲ ಬೇಟೆಯಾಡಿದನು. ಕೊನೆಗೆ ಹಣ ಪಾವತಿಯ ದುರ್ಗದ್ವಾರಕ್ಕೆ ಬಂದಾಗ, ಗುಪ್ತಸಂಖ್ಯೆಯನ್ನು ಹೊತ್ತ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗಿತ್ತು.

"ಅಮ್ಮಾ! ಮೊಬೈಲಿಗೆ ನಂಬರ್ ಬಂದಿದೆ, ಬೇಗ ಓದಿ!"

"ತಡಿ, ಕೈ ಎಲ್ಲ ಹಿಟ್ಟು. ಕನ್ನಡಕ ಎಲ್ಲುಂಟು?"

"ಅಮ್ಮಾ, ಒಂದೇ ನಿಮಿಷ ಇರುದು!"

"ಬಾಯಿ ಮಾಡ್ಬೇಡ. ಕನ್ನಡಕದ ಅಂಗಡಿಯಲ್ಲಿ ಕೆಲ್ಸ, ಅಮ್ಮನಿಗೆ ಒಂದು ಒಳ್ಳೆ ಕನ್ನಡಕ ಇಲ್ಲ. ಹಾಂ, ಎಂಟು... ನಾಲ್ಕು... ಇದು ಮೂರಾ, ಎಂಟಾ?"

"ಅಮ್ಮಾ!"

"ಎಂಟು. ಎಂಟು ಎಂಟು ಒಂದು ಸೊನ್ನೆ."

ದುರ್ಗವು ತೆರೆಯಿತು. ರತ್ನವು ವೀರನ ಪಾಲಾಯಿತು. ಅವನು ಎದ್ದು ಸಿಂಹನಾದ ಮಾಡಿದ ರಭಸಕ್ಕೆ ಪಕ್ಕದ ಮನೆಯವರು ಕ್ರಿಕೆಟ್ ಇರಬಹುದೆಂದು ಟಿವಿ ಹಾಕಿದರು.

ಹದಿನೈದು ದಿನಗಳಲ್ಲಿ ಪೆಟ್ಟಿಗೆಯು ಮಸ್ಕತ್ತಿಗೆ ತಲುಪಿತು. ವೀರನು ಮಾವನಿಗೆ ಕರೆ ಮಾಡಿ, "ಮಾವ, ತುಂಬ ಜೋಪಾನ. ಏನೂ ಆಗ್ಬಾರ್ದು," ಎಂದು ಮೂರು ಸಲ ಹೇಳಿದನು. "ನನಗೆ ಹೇಳ್ಬೇಕಾ ಮಗ? ಮೂವತ್ತು ವರ್ಷದಿಂದ ಸಾಮಾನು ತರ್ತಾ ಇದ್ದೇನೆ, ಒಂದು ಸಲ ಆದ್ರೂ ಕಸ್ಟಮ್ಸಿನವರ ಕೈಗೆ ಸಿಕ್ಕಿದ್ದುಂಟಾ?" ಎಂದರು ಮಾವ. ವೀರನಿಗೆ ಧೈರ್ಯ ಬಂತು. ಬರಬಾರದಿತ್ತು, ಆದರೆ ಬಂತು.

ಭಾನುವಾರ ಬೆಳಿಗ್ಗೆ ಬರಬೇಕಿದ್ದ ವಿಮಾನವು ಐದು ಗಂಟೆ ತಡವಾಗಿ ಬಜ್ಪೆಯಲ್ಲಿ ಇಳಿಯಿತು. ನಾಲ್ಕಕ್ಕೆ ಕದ್ರಿಯಲ್ಲಿ ಸಭೆ. ಶೈಲೇಶನು ಆಗಲೇ ಎಲ್ಲರಿಗೂ ಚಹಾ ಹೇಳಿಟ್ಟಿದ್ದನು. ತಾಯಿಯೊಡನೆ ವಿಮಾನ ನಿಲ್ದಾಣದ ಕಟಕಟೆಗೊರಗಿ ನಿಂತಿದ್ದ ವೀರನ ಕಣ್ಣುಗಳು ಟ್ರಾಲಿಗಳ ಮೇಲೆ ಆ ದಿವ್ಯ ಪೆಟ್ಟಿಗೆಯನ್ನು ಹುಡುಕುತ್ತಿದ್ದವು. ಭುಜಂಗ ಮಾವ ಕುಂಟುತ್ತ ಹೊರಬಂದರು. ಟ್ರಾಲಿಯಲ್ಲಿ ಕಂಬಳಿಯಿತ್ತು, ಖರ್ಜೂರವಿತ್ತು, ಹಾಲಿನ ಪುಡಿಯ ಡಬ್ಬಗಳಿದ್ದವು. ಶೂ ಪೆಟ್ಟಿಗೆ ಇರಲಿಲ್ಲ. ವೀರನ ದೃಷ್ಟಿ ಮೆಲ್ಲನೆ ಕೆಳಗಿಳಿದು ಮಾವನ ಪಾದಗಳನ್ನು ಸೇರಿತು.

ಆರುನೂರರಲ್ಲಿ ಒಂದಾದ ಆ ಕ್ಷೀರಫೇನಧವಳ ಜೋಡಿಯು, ಹತ್ತು ನಂಬರಿನ ಎರಡು ಪಾದಗಳನ್ನು ಹೊಟ್ಟೆಯೊಳಗೆ ತುಂಬಿಕೊಂಡು, ಹಿಮ್ಮಡಿಯ ಅಂಚು ಬಿರಿಯುವಷ್ಟು ಹಿಗ್ಗಿ, ಅಲ್ಲಿ ನಿಂತಿತ್ತು.

"ಹೇಗೆ?" ಎಂದರು ಮಾವ, ವಿಜಯದ ನಗೆಯಲ್ಲಿ. "ಡಬ್ಬಿಯಲ್ಲಿ ತಂದ್ರೆ ಹೊಸತು ಅಂತ ಗೊತ್ತಾಗಿ ಸುಂಕ ಹಾಕ್ತಾರೆ. ಅದಕ್ಕೆ ಚೀಟಿ ಎಲ್ಲ ಕಿತ್ತು, ನಿನ್ನೆಯೇ ಹಾಕಿ, ಕೋಲ್ಡ್ ಸ್ಟೋರೇಜಲ್ಲಿ ಎರಡು ಸುತ್ತು ನಡೆದೆ, ಸ್ವಲ್ಪ ಹಳೇದು ಕಾಣ್ಲಿ ಅಂತ. ಒಬ್ಬನೂ ಕೇಳ್ಲಿಲ್ಲ!"

"ಡಬ್ಬಿ?" ಎಂದು ಕೇಳಿದನು ವೀರನು.

"ಒಳ್ಳೆ ಗಟ್ಟಿ ಉಂಟು ಮಾರಾಯ. ರೂಮಿನವರಿಗೆ ನೀರುಳ್ಳಿ ಹಾಕ್ಲಿಕ್ಕೆ ಕೊಟ್ಟೆ."

ವೀರನ ಬಾಯಿಗೆ ಬಂದ ಮಾತುಗಳನ್ನು ಕವಿಯು ಬರೆಯಲಾರನು. ಅವು ಹೊರಬರುವ ಮೊದಲೇ ಗುಲಾಬಿಯಕ್ಕ, "ಅಣ್ಣ, ರಕ್ತ!" ಎಂದರು. ಬಿಳಿಯ ಶೂವಿನ ಹಿಂಬದಿಯಲ್ಲಿ ಒಂದು ಕೆಂಪು ಗೆರೆ ಇಳಿದಿತ್ತು. ನಿನ್ನೆಯಿಂದ ಇಲ್ಲಿಯವರೆಗೆ, ಎರಡು ನಂಬರು ಚಿಕ್ಕ ಶೂವಿನಲ್ಲಿ, ಅರವತ್ತು ದಾಟಿದ ಆ ಮನುಷ್ಯ ನಿಂತಿದ್ದರು, ನಡೆದಿದ್ದರು, ವಿಮಾನಕ್ಕಾಗಿ ಕಾದಿದ್ದರು. ಒಂದು ಸಲವೂ ಬಿಚ್ಚಿರಲಿಲ್ಲ. "ಬಿಚ್ಚಿದ್ರೆ ಪುನಃ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ. ಇವನದ್ದಲ್ವಾ, ಕಳ್ದು ಹೋದ್ರೆ ಕಷ್ಟ," ಎಂದರು ಮಾವ ಸಹಜವಾಗಿ. ರಿತೇಶನಿಗೆ ಸಿಟ್ಟು ಇನ್ನೂ ಇತ್ತು. ಅದರ ಮೇಲೆ ನಾಚಿಕೆಯೂ ಬಂದು ಕುಳಿತದ್ದರಿಂದ ಅದು ಮೇಲೇಳಲಾರದೆ ಹೋಯಿತು.

ಮನೆಯ ಮೆಟ್ಟಿಲಿನಲ್ಲಿ ಅಂತಿಮ ಯುದ್ಧ ನಡೆಯಿತು. ಊದಿದ ಕಾಲಿನಿಂದ ಶೂ ಬರಲೊಲ್ಲದು. ವೀರನು ಮೊಣಕಾಲೂರಿ ಹಿಡಿದೆಳೆದನು, ಗುಲಾಬಿಯಕ್ಕ ಕೊಬ್ಬರಿ ಎಣ್ಣೆ ಸುರಿದರು, ಮಾವ ಕಂಬ ತಬ್ಬಿಕೊಂಡು "ಮೆಲ್ಲ ಮಗ, ಮೆಲ್ಲ" ಎಂದರು. ಅರ್ಧ ಗಂಟೆಯ ಬಳಿಕ ಎರಡೂ ಕಾಲು ಬಿಡುಗಡೆಯಾದವು. ಜಗದ್ವಿರಳ ರತ್ನವು ಎಣ್ಣೆಯಲ್ಲಿ ಮಿಂದು, ಮೂವತ್ತು ವರ್ಷದ ಮೀನಿನ ವಾಸನೆಯೊಡನೆ ಮೆಟ್ಟಿಲ ಮೇಲೆ ಬಿದ್ದುಕೊಂಡಿತು.

ನಾಲ್ಕು ಗಂಟೆಗೆ ವೀರನು ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ಶೈಲೇಶನ ಕರೆ ಬಂತು. ಹಿಂದೆ ಇಡೀ ಸಭೆಯ ಗದ್ದಲ ಕೇಳಿಸುತ್ತಿತ್ತು.

"ಎಂತ, ಶೂ ಬಂತಾ?"

"ಬಂತು."

"ಡಬ್ಬಿ, ಟ್ಯಾಗು?"

"ನಿನ್ನ ರೇಟೇ ಸರಿ ಮಾರಾಯ."

ಆಚೆ ಹೋ ಎಂಬ ಕೂಗೆದ್ದಿತು. ಅದು ತಗ್ಗಿದ ಮೇಲೆ ಶೈಲೇಶನು ಕೇಳಿದನು, "ಅದಿರ್ಲಿ, ಸೈಜ್ ಆದ್ರೂ ಸರಿ ಆಯ್ತಾ?"

"ಮಾವನಿಗೆ ಸ್ವಲ್ಪ ಬಿಗಿ," ಎಂದು ಹೇಳಿ, ಗಾಯಕ್ಕೆ ಹಾಕುವ ಪಟ್ಟಿ ನಾಲ್ಕು ತೆಗೆದುಕೊಂಡು ವೀರನು ಮನೆಗೆ ಹೋದನು.