ಸಿಡಿಯ ವೇಷದಲ್ಲಿ ಬಂದ ಮೋಡೆಮ್ ಮಹಾಶಯರಿಗೆ

ಡೋಂಗ್‌ಗಾಂಗ್ ಬಂದರು, ತೈವಾನ್
ಅಕ್ಟೋಬರ್ ೨೦೧೧

ಸದ್ಯ ನಮ್ಮ ಮನೆಯ ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಸಿಕೊಂಡು ಸಮುದ್ರದ ಗಾಳಿ ಸೇವಿಸುತ್ತಿರುವ, ಬೆರಳುದ್ದದ ದೇಹದಲ್ಲಿ ಬೆಟ್ಟದಷ್ಟು ಗಾಂಭೀರ್ಯ ಹೊತ್ತಿರುವ ಮಾನ್ಯ ಮೊಬೈಲ್ ಬ್ರಾಡ್‌ಬ್ಯಾಂಡ್ ಮೋಡೆಮ್ ಅವರ ಸನ್ನಿಧಿಗೆ, ಬಂದರು ಬೀದಿಯ ಮೀನುಂಡೆ ಸಾರಿನ ಅಂಗಡಿಯ ಹುಂಗ್ ಪಿ-ಯುನ್ ಎಂಬ ಸಾಮಾನ್ಯ ಹೆಂಗಸು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ದೀಪ ನೀಲಿಯಾಗಿದ್ದರೆ ತಾವು ಪ್ರಸನ್ನರು, ಹಸಿರಾಗಿ ಮಿನುಗಿದರೆ ಯೋಚನೆಯಲ್ಲಿದ್ದೀರಿ, ಆರಿದರೆ ನಮ್ಮಿಂದ ಏನೋ ಅಪಚಾರವಾಗಿದೆ ಎಂಬುದನ್ನು ನಾನು ಈಗ ಬಾಯಿಪಾಠ ಮಾಡಿಕೊಂಡಿದ್ದೇನೆ. ಹೊಟ್ಟೆ ಹೊರೆಯುವ ಸಾರು ಕುದಿಯುವುದನ್ನೂ ನಾನು ಇಷ್ಟು ಶ್ರದ್ಧೆಯಿಂದ ನೋಡಿದವಳಲ್ಲ.

ತಾವು ನಮ್ಮ ಬಡ ಮನೆಗೆ ದಯಮಾಡಿಸಿದ ಸಂದರ್ಭವನ್ನು ಮೊದಲು ನೆನೆಯುತ್ತೇನೆ. ಬೀದಿಯ ಚರಂಡಿ ಅಗೆಯಲು ಬಂದ ಮಹನೀಯರು ಚರಂಡಿಗಿಂತ ಮೊದಲು ನಮ್ಮ ಟೆಲಿಫೋನ್ ತಂತಿಯನ್ನು ಪತ್ತೆಹಚ್ಚಿ, ಅದನ್ನು ಅಚ್ಚುಕಟ್ಟಾಗಿ ಎರಡು ತುಂಡು ಮಾಡಿ, ಮಣ್ಣು ಮುಚ್ಚಿ ಹೋದ ಮೇಲೆ ಮನೆಯ ಇಂಟರ್ನೆಟ್ಟೂ ಅದೇ ಗುಂಡಿಯಲ್ಲಿ ಹೂತುಹೋಯಿತು. ನನ್ನ ಕೈಯಲ್ಲಿರುವುದು ಗುಂಡಿ ಒತ್ತಿ ಮಾತಾಡುವ ಹಳೆಯ ಫೋನು. ಆದ್ದರಿಂದ ಪೇಟೆಯ ಅಂಗಡಿಗೆ ಹೋಗಿ ತಮ್ಮನ್ನು ಕೊಂಡೆ. ಅಂಗಡಿಯ ಹುಡುಗಿ ನಗುನಗುತ್ತಾ, "ಚುಚ್ಚಿದ್ರೆ ಆಯ್ತು ಅಕ್ಕ, ಮಿಕ್ಕಿದ್ದೆಲ್ಲಾ ಅದೇ ನೋಡ್ಕೊಳ್ಳತ್ತೆ" ಎಂದಳು. ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂದು ನಾನು ತಿಳಿಸಿದಾಗ ಅವಳ ನಗು ಹಾಗೇ ಇದ್ದು ಕಣ್ಣು ಮಾತ್ರ ಬೇರೆ ಗಿರಾಕಿಯ ಕಡೆ ತಿರುಗಿತು.

ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ಎಂಬ ತಂತ್ರಾಂಶ ನನ್ನ ಆಯ್ಕೆಯಲ್ಲ. ನನ್ನ ತಮ್ಮ ಆ-ಖುನ್, ಟ್ಯೂನಾ ಮೀನು ಹಿಡಿಯುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ಕಳೆದ ಸಲ ಹಡಗು ಹತ್ತುವ ಮುಂಚೆ ನಮ್ಮ ಮುದಿ ಲ್ಯಾಪ್‌ಟಾಪಿಗೆ ಅದನ್ನು ತುಂಬಿ, "ಅಕ್ಕಾ, ಇನ್ಮೇಲೆ ಇದಕ್ಕೆ ವೈರಸ್ಸೂ ಬರಲ್ಲ, ಸಾವೂ ಬರಲ್ಲ" ಎಂದು ಹೇಳಿ ಹೋದ. ಇಂಟರ್ನೆಟ್ ಬರುತ್ತದೆಯೇ ಎಂದು ಕೇಳಲು ನನಗೆ ಆಗ ತೋಚಲಿಲ್ಲ.

ಅವನು ಹೋದ ಮೇಲೆ ಸಾವು ಕಂಪ್ಯೂಟರಿಗೆ ಬರಲಿಲ್ಲ, ಎರಡು ವರ್ಷದ ಹಿಂದೆ ನಮ್ಮ ಅಪ್ಪನಿಗೆ ಬಂತು. ಸುದ್ದಿ ಹಡಗಿಗೆ ತಲುಪಿತು, ಆದರೆ ಹಿಂದೂ ಮಹಾಸಾಗರದ ನಡುವೆ ಬಲೆ ಬೀಸಿ ಕೂತ ಹಡಗು ಒಬ್ಬ ಎಂಜಿನ್ನಿನವನ ತಂದೆಗಾಗಿ ಹಿಂದಿರುಗುವುದಿಲ್ಲ. ಅಂತಿಮ ಮೆರವಣಿಗೆಯಲ್ಲಿ ಮಗ ಹಿಡಿಯಬೇಕಾದ ಧೂಪದ ಕುಂಡವನ್ನು ನಾನು ಹಿಡಿದು ನಡೆದೆ. ಅಂದಿನಿಂದ ಅಮ್ಮನ ಬಾಯಲ್ಲಿ ಒಂದೇ ಮಾತು: "ನಂಗೆ ಮಗ ಇಲ್ಲ. ಇದ್ದಿದ್ರೆ ಬರ್ತಿದ್ದ." ಅವನು ಬಂದರಿನಿಂದ ಕಳಿಸಿದ ಸಂದೇಶಗಳನ್ನು ನಾನು ಓದಿ ಹೇಳಲು ಹೊರಟರೆ ಅಮ್ಮ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಮಾನ್ಯರೇ, ತಮ್ಮನ್ನು ಕರೆತಂದದ್ದು ಸಿನಿಮಾ ನೋಡಲಿಕ್ಕಲ್ಲ ಎಂಬುದು ಈಗ ತಮಗೆ ಮನದಟ್ಟಾಗಿರಬಹುದು. ಅವನ ಹಡಗು ಎಣ್ಣೆ ತುಂಬಿಸಿಕೊಳ್ಳಲು ಪೋರ್ಟ್ ಲೂಯಿ ಬಂದರಿಗೆ ಬರುವುದಿತ್ತು. ಅಲ್ಲಿನ ನಾವಿಕರ ವಸತಿಗೃಹದ ಕಂಪ್ಯೂಟರಿನ ಮುಂದೆ ಭಾನುವಾರ, ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಮೂರಕ್ಕೆ, ಅವನಿಗೆ ಒಂದು ಗಂಟೆಯ ಸರದಿ ಸಿಕ್ಕಿತ್ತು. ಮಾರನೆಯ ದಿನ ಹೊರಟರೆ ಇನ್ನೊಂದು ವರ್ಷ ನೆಲದ ಸುದ್ದಿಯಿಲ್ಲ. ರಸ್ತೆಯಾಚೆಗಿನ ನೆಟ್ ಕೆಫೆಗೆ ಹೋಗಿ ಮಾತಾಡೋಣವೇ ಎಂದು ಅಮ್ಮನನ್ನು ಕೇಳಿದ್ದಕ್ಕೆ, "ಇಲ್ದಿರೋ ಮಗನ್ನ ನೋಡೋಕ್ಕೆ ರಸ್ತೆ ಬೇರೆ ದಾಟ್ಬೇಕಾ?" ಎಂಬ ಉತ್ತರ ಬಂತು. ಹಾಗಾಗಿ ಅವನ ಮುಖವೇ ಮನೆಗೆ ಬರಬೇಕು, ಅಮ್ಮ ಮಧ್ಯಾಹ್ನ ಕೂತು ಮೀನುಂಡೆ ಕಟ್ಟುವ ಮೇಜಿನ ಮೇಲೇ ಬರಬೇಕು, ಅದೂ ಆಕಸ್ಮಿಕವೆಂಬಂತೆ ಬರಬೇಕು ಎಂದು ನಾನು ಹೊಂಚು ಹಾಕಿದೆ. ಈ ಹೊಂಚಿನ ಭಾರವೆಲ್ಲ ತಮ್ಮ ಹೆಗಲಿನ ಮೇಲಿತ್ತು.

ಶನಿವಾರ ಬೆಳಿಗ್ಗೆ ತಮ್ಮನ್ನು ಚುಚ್ಚಿದೆ. ಕಂಪ್ಯೂಟರು ಒಂದು ಗಳಿಗೆ ಯೋಚಿಸಿ, ಒಂದು ಸಿಡಿ ಬಂದಿದೆ ಎಂದು ಸಾರಿತು.

ಸ್ವಾಮೀ, ಎಂಥ ವಿನಯ! ತಾವು ಮೋಡೆಮ್, ಪೆಟ್ಟಿಗೆಯ ಮೇಲೆ ಮೋಡೆಮ್ ಎಂದು ಅಚ್ಚಾಗಿದೆ, ನಾನು ಕೊಟ್ಟದ್ದೂ ಮೋಡೆಮಿನ ಬೆಲೆ, ಆದರೂ ತಾವು ಆ ದೊಡ್ಡಸ್ತಿಕೆಯನ್ನೆಲ್ಲ ಬಚ್ಚಿಟ್ಟು, ಹೊಟ್ಟೆಯಲ್ಲಿ ಒಂದಷ್ಟು ಕಡತಗಳಿರುವ ಸಾಧಾರಣ ಸಿಡಿಯೆಂದು ಪರಿಚಯ ಮಾಡಿಕೊಂಡಿರಿ. ಆ ಕಡತಗಳಾದರೋ ಬೇರೆ ಜಾತಿಯ ಕಂಪ್ಯೂಟರಿಗೆಂದೇ ಬರೆದವು, ನಮ್ಮದಕ್ಕೆ ಮೂಸಿ ನೋಡಲೂ ಬಾರದವು. ಮನೆಗೆ ಕರೆದ ಅಡುಗೆಯವನು ಹೊಸ್ತಿಲಲ್ಲಿ ನಿಂತು ತಾನು ಅಡುಗೆ ಪುಸ್ತಕವೆಂದು ಹಟ ಹಿಡಿದರೆ ಹೇಗಿರುತ್ತದೋ ಹಾಗಿತ್ತು.

ನಾನು ನೆಟ್ ಕೆಫೆಗೆ ಓಡಿದೆ. ಅಲ್ಲಿ ಲಿನಕ್ಸ್ ಬಂಧುಗಳ ಚರ್ಚಾಕೂಟವನ್ನು ಹುಡುಕಿ, ತಮ್ಮದೇ ಹೆಸರು, ತಮ್ಮದೇ ಮಾದರಿ, ತಮ್ಮದೇ ಚಾಳಿಯ ಬಗ್ಗೆ ಒಬ್ಬ ಮಹಾನುಭಾವ ಕಣ್ಣೀರಿಟ್ಟಿದ್ದನ್ನು ಓದಿ ನನಗೂ ಕಣ್ಣು ತೇವವಾಯಿತು. ಕೆಳಗೆ ಅವನೇ ಬರೆದಿದ್ದ: "ಸರಿಹೋಯ್ತು, ಎಲ್ರಿಗೂ ಥ್ಯಾಂಕ್ಸ್." ಹೇಗೆ ಸರಿಹೋಯಿತೆಂದು ಬರೆಯುವುದು ಅವನ ಸಂಸ್ಕಾರದಲ್ಲಿರಲಿಲ್ಲ. ಇನ್ನೊಬ್ಬರು ಮೊದಲು ಇಂಟರ್ನೆಟ್ಟಿಗೆ ಹೋಗಿ ಒಂದು ತಂತ್ರಾಂಶ ಇಳಿಸಿಕೊಳ್ಳಿ, ಆಮೇಲೆ ಇಂಟರ್ನೆಟ್ ಬರುತ್ತದೆ ಎಂದು ಉಪದೇಶಿಸಿದ್ದರು. ಮತ್ತೊಬ್ಬರು, "ಇಷ್ಟೂ ಗೊತ್ತಿಲ್ದೆ ಲಿನಕ್ಸ್ ಯಾಕ್ ಹಾಕ್ಕೊಂಡ್ರಿ?" ಎಂದು ಪ್ರೀತಿಯಿಂದ ವಿಚಾರಿಸಿಕೊಂಡಿದ್ದರು. ಅಲ್ಲಿ ಕೊಟ್ಟಿದ್ದ ಆಜ್ಞೆಗಳನ್ನು ಒಂದೊಂದೇ ಸಾಲು ಓದಿ, ಬಾಯಲ್ಲಿ ಜಪಿಸುತ್ತಾ ರಸ್ತೆ ದಾಟುವಾಗ ಸ್ಕೂಟರಿನವನೊಬ್ಬ ಬೈದರೆ ಅರ್ಧ ಸಾಲು ಮರೆತುಹೋಗುತ್ತಿತ್ತು, ಮತ್ತೆ ಹಿಂದಕ್ಕೆ ಓಡುತ್ತಿದ್ದೆ. ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆ ಸಾರಿನ ಬದಲು ನನ್ನ ಬೆನ್ನು ಸಿಕ್ಕಿತು.

ಕಡೆಗೂ ತಮ್ಮ ಗುಟ್ಟು ತಿಳಿಯಿತು. ತಮ್ಮನ್ನು ಬೇಡಿಕೊಳ್ಳಬಾರದು, ಒಳಗೆ ಕರೆಯಬಾರದು, ಹೊರಗೆ ಹಾಕಬೇಕು. ಬಂದ ಸಿಡಿಯನ್ನು ಆಚೆ ತಳ್ಳು ಎಂದು ಕಂಪ್ಯೂಟರಿಗೆ ಆಜ್ಞೆ ಕೊಟ್ಟ ಕ್ಷಣ ತಾವು ದೀಪ ಆರಿಸಿ ಮುನಿದಂತೆ ಮಾಡಿ, ಬೇರೆ ಗುರುತು ಹಿಡಿದುಕೊಂಡು ಹಿಂಬಾಗಿಲಿನಿಂದ ಬಂದು, ಮೋಡೆಮ್ ಎಂದು ಒಪ್ಪಿಕೊಂಡಿರಿ. ಕಿತ್ತು ಚುಚ್ಚಿದರೆ ಮತ್ತೆ ಸಿಡಿ, ಮತ್ತೆ ಅವಮಾನ, ಮತ್ತೆ ಮೋಡೆಮ್. ಹೋಗು ಅಂದರೆ ಮಾತ್ರ ತಮ್ಮ ನಿಜರೂಪ ತೋರಿಸುವ ಇಂಥ ಸ್ವಭಾವದವರು ನಮ್ಮ ಮನೆಯಲ್ಲಿ ಮೊದಲೇ ಒಬ್ಬರಿದ್ದುದರಿಂದ ನಾನು ಬೇಗ ಹೊಂದಿಕೊಂಡೆ.

ಭಾನುವಾರ ಮಧ್ಯಾಹ್ನ ಉದ್ದದ ಕೇಬಲ್ಲು ಹಾಕಿ ತಮ್ಮನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದಾಗ ಪರದೆಯ ಮೇಲೆ ಸಿಗ್ನಲ್ಲಿನ ಎರಡು ಗೆರೆಗಳು ಮೂಡಿದವು. ಅಷ್ಟಕ್ಕೇ ಬಿಟ್ಟಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಲಿಯಾವ್ ಮಾವ ಬಂದರು. ಮಂಜುಗಡ್ಡೆ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಅವರು ಕೈಯಲ್ಲಿ ಹಸಿರು ಪೊಟ್ಟಣ ಹಿಡಿದೇ ಬಂದರು. ಜಾಣಮರಿ ಎಂಬ ಅರ್ಥದ ಹೆಸರಿರುವ ಆ ಜೋಳದ ಕುರುಕಲನ್ನು ಯಂತ್ರದ ಮೇಲಿಟ್ಟರೆ ಯಂತ್ರ ಜಾಣನಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ನಮ್ಮಲ್ಲಿ ಆಸ್ಪತ್ರೆಯವರೂ ಒಪ್ಪುತ್ತಾರೆ, ಬ್ಯಾಂಕಿನವರೂ ಒಪ್ಪುತ್ತಾರೆ, ಇನ್ನು ನಾನು ಯಾವ ಲೆಕ್ಕ. "ಹಸಿರೇ ಆಗ್ಬೇಕು ನೋಡಮ್ಮಾ, ಹಳದಿ ಇಟ್ರೆ ಮೆಷಿನ್ನು ಮುನಿಸ್ಕೊಳ್ಳತ್ತೆ. ತಾರೀಖು ಮುಗ್ದಿರ್ಬಾರ್ದು. ಯಾರೂ ತಿನ್ಬಾರ್ದು, ತಿಂದ್ರೋ ಕೆಲಸ ಕೆಟ್ಟ ಹಾಗೇ" ಎಂದು ವಿಧಿವಿಧಾನ ಹೇಳಿ, ಪೊಟ್ಟಣವನ್ನು ಭಕ್ತಿಯಿಂದ ತಮ್ಮ ಮೈಮೇಲೆ ಮಲಗಿಸಿದರು. ಗೆರೆ ಒಂದಾಯಿತು. "ಒಂದು ಸಾಲ್ದು ಅನ್ಸತ್ತೆ" ಎಂದು ಕಾರ್ಖಾನೆಗೆ ಹೋಗಿ, ಅಲ್ಲಿನ ಯಂತ್ರಗಳ ಮೇಲಿದ್ದ ಇನ್ನೆರಡು ಪೊಟ್ಟಣಗಳನ್ನು ಎತ್ತಿಕೊಂಡು ಬಂದು ಅವನ್ನೂ ಹೊದಿಸಿದರು. ಗೆರೆಗಳೆಲ್ಲ ಮಾಯವಾದವು. ನಾವಿಬ್ಬರೂ ಕೈಮುಗಿದು ನಿಂತೆವು.

ಗಡಿಯಾರ ಮೂರು ದಾಟಿತು. ಪೋರ್ಟ್ ಲೂಯಿಯಲ್ಲಿ ನನ್ನ ತಮ್ಮ ಖಾಲಿ ಪರದೆಯ ಮುಂದೆ ಕೂತಿದ್ದಾನೆಂದು ನೆನೆದು ನನಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಅಮ್ಮ ಉಪ್ಪಿನ ಡಬ್ಬಿ ಹುಡುಕುತ್ತಾ ಕೋಣೆಗೆ ಬಂದರು. ಹಬ್ಬಕ್ಕೆ ಹಾಕುವ ನೀಲಿ ಅಂಗಿ ಹಾಕಿದ್ದರು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು, ಬೆಳಗ್ಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಉಪ್ಪಿನ ಡಬ್ಬಿ ಅವರ ಕೈಯಲ್ಲೇ ಇತ್ತು. ವೇಷ ಹಾಕುವುದರಲ್ಲಿ ಅವರು ತಮಗಿಂತ ಹಿರಿಯರು, ಮಾನ್ಯರೇ.

"ಏನ್ ನೋಡ್ತಿದ್ದೀರಾ ಇಬ್ರೂ ಪೂಜಾರಿಗಳ ಥರ?" ಎಂದರು. ಸಿಗ್ನಲ್ ಬರುತ್ತಿಲ್ಲ, ಆ-ಖುನ್ ಸಿಗುವುದಿಲ್ಲವೇನೋ ಎಂದೆ. ಅಮ್ಮ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಅವರ ಸಿಟ್ಟು ಯಾರ ಮೇಲೆ ತಿರುಗಬೇಕೆಂದು ತಿಳಿಯದೆ ತಮ್ಮ ಮೇಲೆ ತಿರುಗಿತು. "ಮನುಷ್ಯರು ಹಸ್ಕೊಂಡಿರ್ತಾರೆ, ಈ ಚೋಟುದ್ದದ್ದಕ್ಕೆ ಮೂರು ಪೊಟ್ಟಣ ತಿಂಡಿ!" ಎಂದವರೇ ಮೂರನ್ನೂ ಬಾಚಿಕೊಂಡು, ಮೇಜಿನ ಮುಂದೆ ಕೂತು ಮಡಿಲಿಗೆ ಹಾಕಿ, ಒಂದನ್ನು ಹಲ್ಲಿನಲ್ಲಿ ಹರಿದು ಬಾಯಿ ತುಂಬ ತುರುಕಿಕೊಂಡರು. ಲಿಯಾವ್ ಮಾವ, "ಅಯ್ಯಯ್ಯೋ, ತಿಂದ್ಬಿಟ್ರಲ್ಲಾ ಅತ್ತಿಗೆ!" ಎಂದು ಗೋಡೆ ಹಿಡಿದು ಕೂತರು.

ಹರಿದ ಪೊಟ್ಟಣದ ಒಳಮೈ ಬೆಳ್ಳಿಯಂತೆ ಫಳಫಳ ಹೊಳೆಯಿತು. ಮೀನು ಬೇಯಿಸಲು ಸುತ್ತುವ ತಗಡಿನ ಹಾಳೆಯಂಥದೇ ಅಸ್ತರು. ನಾವು ತಮಗೆ ಮೂರು ಪದರ ತಗಡು ಹೊದಿಸಿ, ಉಸಿರು ಕಟ್ಟಿಸಿ, ಮೇಲಿಂದ ಪ್ರಾರ್ಥನೆಯನ್ನೂ ಸಲ್ಲಿಸಿದ್ದೆವು. ಪರದೆಯ ಮೇಲೆ ಒಂದು ಗೆರೆ, ಎರಡು ಗೆರೆ, ತಮ್ಮ ದೀಪ ನೀಲಿ, ಕರೆಯ ಗಂಟೆ, ಅದರ ಬೆನ್ನಿಗೇ ಬಿಸಿಲಿಗೆ ಕಪ್ಪಾಗಿ ಸೊರಗಿದ ನನ್ನ ತಮ್ಮನ ಮುಖ.

ಅವನು ಅಮ್ಮನನ್ನು ಕಂಡ. ಅಮ್ಮನೂ ಕಂಡರು. ಎದ್ದು ಹೋಗೋಣವೆಂದರೆ ಮಡಿಲಲ್ಲಿ ಪೊಟ್ಟಣಗಳು, ಬೈಯೋಣವೆಂದರೆ ಬಾಯಿ ತುಂಬ ಜೋಳ. ಎರಡು ವರ್ಷ ಹೊಟ್ಟೆಯಲ್ಲಿಟ್ಟು ಬೇಯಿಸಿದ ಮಾತುಗಳೆಲ್ಲ ಆ ಕುರುಕಲಿನ ಹಿಂದೆ ಸಿಕ್ಕಿಕೊಂಡವು. ಕಡೆಗೆ ಹೇಗೋ ನುಂಗಿ ಅವರು ಕೇಳಿದ್ದು ಇಷ್ಟೇ: "ಊಟ ಆಯ್ತಾ?"

"ಇಲ್ಲಮ್ಮಾ" ಎಂದು ಅವನು ಅತ್ತುಬಿಟ್ಟ. "ನೀನೇನು ತಿಂತಿದ್ದೀ?"

"ನಿನ್ನ ತಲೆ" ಎಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಅವನ ಸರದಿ ಮುಗಿಯುತ್ತಾ ಬಂದಾಗ ಅಮ್ಮ ನನ್ನ ಕಡೆ ತಿರುಗಿ, "ಅವನನ್ನ ಅಪ್ಪನ ಹತ್ರ ಕರ್ಕೊಂಡು ಹೋಗು" ಎಂದರು. ಅಪ್ಪನ ಫೋಟೋ ಇರುವುದು ಒಳಗೋಡೆಯ ಪೂಜಾಪೀಠದಲ್ಲಿ. ಕೇಬಲ್ಲು ಅಲ್ಲಿಯವರೆಗೆ ಬರುವುದಿಲ್ಲ, ಕಿಟಕಿಯಿಂದ ಎತ್ತಿದರೆ ತಾವು ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಹಿಡಿದು, ಅಂದು ಧೂಪದ ಕುಂಡ ಹಿಡಿದ ಹಾಗೆಯೇ ಹಿಡಿದು, ತಮ್ಮನ್ನು ಬಾಲದಂತೆ ಎಳೆದುಕೊಂಡು ನಡೆದೆ. ಅಮ್ಮ ಅವನ ಪರವಾಗಿ ಊದುಬತ್ತಿ ಹಚ್ಚಿದರು. "ಅಪ್ಪಾ, ತಡವಾಯ್ತು" ಎಂದು ಅವನು ಬಗ್ಗಿದ. ಪರದೆಯಲ್ಲಿ ಅವನ ನೆತ್ತಿ ಮಾತ್ರ ಕಾಣುತ್ತಿತ್ತು, ಆಗಲೇ ಅಲ್ಲಲ್ಲಿ ಬೆಳ್ಳಗಾದ ಕೂದಲು. ಅವನು ತಲೆ ಎತ್ತುವ ಮುಂಚೆ ತಮ್ಮ ದೀಪ ಆರಿತು. ಚಿತ್ರ ಹಾಗೆಯೇ ನಿಂತಿತು.

ಮಾನ್ಯರೇ, ಇದೇ ನನ್ನ ದೂರು. ಇನ್ನೊಂದು ಗಳಿಗೆ ಬಾಳಿದ್ದರೆ ಅವನು ಹೋಗಿಬರುತ್ತೇನೆ ಎನ್ನುತ್ತಿದ್ದ. ಆದ್ದರಿಂದ ತಮ್ಮ ಘನತೆಗೆ ತಕ್ಕಂತೆ ನನ್ನ ಕೆಲವು ಸಣ್ಣ ಕೋರಿಕೆಗಳನ್ನು ಈಡೇರಿಸಬೇಕು. ಮುಂದಿನ ಜನ್ಮದಲ್ಲಾದರೂ ಮನಸಾರೆ ಸಿಡಿಯಾಗಿಯೇ ಹುಟ್ಟಿ ಆಸೆ ತೀರಿಸಿಕೊಳ್ಳಬೇಕು. ಸಮುದ್ರದ ನಟ್ಟನಡುವೆ ತೇಲುವ ಹಡಗಿಗೆ ಎರಡೇ ಎರಡು ಗೆರೆ ದಯಪಾಲಿಸಬೇಕು. ಸಾಧ್ಯವಿದ್ದರೆ ಎರಡು ವರ್ಷ ಹಿಂದಕ್ಕೆ ಹೋಗಿ ಆ ಹಡಗನ್ನು ಒಂದೇ ಒಂದು ಸಲ ಈ ಬಂದರಿಗೆ ತಿರುಗಿಸಬೇಕು. ಇವೆಲ್ಲ ತಮ್ಮಿಂದಾಗದು ಎಂದಾದರೆ, ಮೊದಲೇ ಮೋಡೆಮ್ ಎಂದು ಒಪ್ಪಿಕೊಂಡರೂ ಸಾಕು.

ದೂರನ್ನು ಇನ್ನಷ್ಟು ಖಾರವಾಗಿ ಬರೆಯುವ ಮನಸ್ಸಿತ್ತು. ಆದರೆ ಅಂದು ನಾನು ನಿಂತುಹೋದ ಚಿತ್ರವನ್ನು ಮುಚ್ಚಿ ಮತ್ತೆ ಕರೆ ಮಾಡಲು ಕೈ ಹಾಕಿದಾಗ ಅಮ್ಮ ನನ್ನ ಕೈ ಹಿಡಿದರು. ಪರದೆಯಲ್ಲಿ ಮಗ ಬಗ್ಗಿಯೇ ಇದ್ದ, ಎದುರಿಗೆ ಅಪ್ಪನ ಫೋಟೋ, ನಡುವೆ ಊದುಬತ್ತಿಯ ಹೊಗೆ. "ಮುಟ್ಬೇಡ" ಎಂದರು. "ಬತ್ತಿ ಉರಿದು ಮುಗಿಯೋವರ್ಗೂ ಇರ್ಲಿ. ಅವನೂ ಇಲ್ಲೇ ಇರ್ಲಿ."

ತಮ್ಮನ್ನು ದಿನಕ್ಕೆ ಹತ್ತು ಸಲ ಹೊರಗೆ ಹಾಕಿಯೂ ಕೈಬಿಡದ,
ತಮ್ಮ ವಿಶ್ವಾಸಿ,
ಹುಂಗ್ ಪಿ-ಯುನ್

ತಾ.ಕ.: ಉಳಿದೆರಡು ಪೊಟ್ಟಣಗಳಲ್ಲಿ ಒಂದನ್ನು ಲಿಯಾವ್ ಮಾವ ಮಂಜುಗಡ್ಡೆಯ ಯಂತ್ರಕ್ಕೆ ವಾಪಸು ಒಯ್ದರು, ಇನ್ನೊಂದನ್ನು ಅಮ್ಮ ಮಗ ಬಂದ ಮೇಲೆ ತಿನ್ನಲೆಂದು ಅಪ್ಪನ ಫೋಟೋದ ಪಕ್ಕ ಇಟ್ಟಿದ್ದಾರೆ. ತಮ್ಮ ಪಾಲಿಗೆ ಏನೂ ಉಳಿದಿಲ್ಲ. ಮುಂದಿನ ಸಲ ಅವನು ಬಂದರು ಮುಟ್ಟಿದಾಗಲೂ ತಾವು ಸಿಡಿಯೆಂದೇ ಸಾಧಿಸಿದರೆ ತಮ್ಮ ಮೇಲೆ ಕುದಿಯುವ ಸಾರಿನ ಪಾತ್ರೆ ಇಡುವುದಾಗಿ ಅಮ್ಮ ಹೇಳಿ ಕಳಿಸಿದ್ದಾರೆ. ಅವರು ಎರಡು ವರ್ಷ ಹಿಡಿದ ಹಟವನ್ನು ಒಂದು ಪೊಟ್ಟಣ ಕುರುಕಲಿಗೆ ಬಿಟ್ಟುಕೊಟ್ಟವರು ನಿಜ, ಆದರೆ ಆ ಸೌಲಭ್ಯ ಮಗನಿಗೆ ಮಾತ್ರ.