ಮೂಗುಬೊಟ್ಟು ಮಾತ್ರ ಸ್ಪಷ್ಟ

ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಇಲ್ಲವೇ ಹವ್ಯಾಸ, ಎರಡರಲ್ಲಿ ಒಂದು ಹಿಡಿದೇ ಹಿಡಿಯುತ್ತದೆ. ಸಕ್ಕರೆ ಕಾಯಿಲೆಗಾದರೆ ಮಾತ್ರೆ ಇದೆ, ಮನೆಯವರ ಕನಿಕರವೂ ಸಿಗುತ್ತದೆ. ನನಗೆ ಹಿಡಿದದ್ದು ಹವ್ಯಾಸ. ಅದಾದರೂ ಎಂಥದ್ದು ಅಂತೀರಿ? ತೀರಾ ಹತ್ತಿರದಿಂದ ಫೋಟೊ ತೆಗೆಯುವುದು; ತೆಗೆದದ್ದರಲ್ಲಿ ಕೂದಲೆಳೆಯಷ್ಟು ಜಾಗ ಮಾತ್ರ ಸ್ಪಷ್ಟವಾಗಿ ಉಳಿದು, ಮಿಕ್ಕಿದ್ದೆಲ್ಲ ಮಸುಕಾಗುವಂತೆ ನೋಡಿಕೊಳ್ಳುವುದು. ಇದನ್ನು ನನಗೆ ಅಂಟಿಸಿದವನು ನಮ್ಮ ವಿಮಾ ಕಚೇರಿಯ ಸಹೋದ್ಯೋಗಿ, ಧಾರವಾಡದ ಕಡೆಯ ಬಸವರಾಜ. "ಲೆನ್ಸಿನ ಬಾಯಿ ಪೂರ್ತಿ ತೆರೀರಿ ಸರ. ಎಷ್ಟ್ ಆಗ್ತದೋ ಅಷ್ಟ್ ಹತ್ರ ಹೋಗ್ರಿ. ಹಿಂದಿಂದೆಲ್ಲಾ ಬೆಣ್ಣಿ ಕರಗಿದಂಗ ಆಗ್ಬೇಕು ನೋಡ್ರಿ" ಎಂದು ಊಟದ ಡಬ್ಬಿ ಮುಚ್ಚುತ್ತಾ ದೀಕ್ಷೆ ಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು.

ಬಸವೇಶ್ವರನಗರದ ನಮ್ಮ ಮನೆಯ ಮುಂದೆ ಒಂದು ಕರಿಬೇವಿನ ಕುಂಡ ಇದೆ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಅದರ ಬುಡದಲ್ಲಿ ಬೋರಲು ಮಲಗುವುದು ನನಗೆ ಅಭ್ಯಾಸವಾಯಿತು. "ಏನ್ ಕಳ್ಕೊಂಡ್ರಿ ಸಾರ್?" ಎಂದು ಎದುರುಮನೆಯ ಆಂಟಿ ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿರುವ ಪಟ್ಟಿ ತೆಳುವಾಗುತ್ತದೆ. ಇರುವೆಯ ಒಂದು ಮೀಸೆ ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಉಸಿರು ಬಿಟ್ಟರೆ ಅದೂ ಕೈತಪ್ಪುತ್ತದೆ. ಹಾಗೆ ಉಸಿರು ಬಿಗಿಹಿಡಿದು ತೆಗೆದ ಒಂದು ಫೋಟೊವನ್ನು ನನ್ನ ಹೆಂಡತಿ ಪದ್ಮಳಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಅತ್ತ ತಿರುಗಿಸಿ, ಇತ್ತ ತಿರುಗಿಸಿ, "ಇರುವೆ ಎಲ್ರೀ?" ಅಂದಳು. "ಅಗೋ, ಆ ಮೀಸೆ ಕಾಣಲ್ವಾ?" ಅಂದೆ. "ಈ ಮೀಸೆಗೋಸ್ಕರ ಒಲೆ ಮೇಲಿನ ಹಾಲು ಉಕ್ಕಿಸಿದ್ರಾ?" ಎಂದು ಬಟ್ಟೆ ತಗೊಂಡು ಒಲೆ ಒರೆಸಲು ಹೋದಳು.

ಇರುವೆಗೇ ನಿಂತಿದ್ದರೆ ಚೆನ್ನಾಗಿತ್ತು. ವರಮಹಾಲಕ್ಷ್ಮಿ ಹಬ್ಬ ಬಂತು. ಅತ್ತಿಗುಪ್ಪೆಯಲ್ಲಿರುವ ನಮ್ಮ ಅತ್ತೆ, ಅಂದರೆ ಪದ್ಮಳ ತಾಯಿ, ಪ್ರತಿವರ್ಷ ಬಂದು ತಾವೇ ಲಕ್ಷ್ಮಿಗೆ ಸೀರೆ ಉಡಿಸುತ್ತಿದ್ದರು. ಈ ಸಲ ಅವರಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಇನ್ನೊಂದು ಕಣ್ಣಿಗೆ ಮುಂದಿನ ವಾರ. ಸಾಂಬ್ರಾಣಿ ಹೊಗೆಯ ಹತ್ತಿರವೂ ಸುಳಿಯಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ತಮ್ಮ ಮದುವೆಯ ಹಸಿರು ರೇಷ್ಮೆ ಸೀರೆಯನ್ನು ಮಗಳಿಗೆ ಕಳಿಸಿ, "ಈ ಸಲ ನೀನೇ ಉಡಿಸು ಕಣೇ. ಫೋಟೊ ಕಳಿಸು, ಹೊಸ ಕಣ್ಣಲ್ಲಿ ಕೂತು ನೋಡ್ತೀನಿ" ಎಂದಿದ್ದರು. ಗುರುವಾರ ಸಂಜೆಯೇ ಪದ್ಮ ಕೂತಳು. ಕಳಶದ ಹಿಂದೆ ಕೋಲು ಕಟ್ಟಿ, ನೆರಿಗೆ ಹಿಡಿದು, ಸರಿಬರದೆ ಬಿಚ್ಚಿ, ಮತ್ತೆ ಹಿಡಿದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದರಿಂದ ನನಗೆ ಬಿದ್ದ ಬೈಗುಳ ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಮುಗಿದ ಮೇಲೆ ನೋಡಿದರೆ, ನಿಜ ಹೇಳಬೇಕು, ಕೈಮುಗಿಯುವ ಹಾಗಿತ್ತು.

ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ನಡುವೆ ಪದ್ಮ ಓಡಾಡುತ್ತಾ, "ಎಲ್ಲಾ ಬರೋ ಹಾಗೆ ತೆಗೀರಿ" ಎಂದು ಕೂಗಿ ಹೇಳಿದಳು. ಎಲ್ಲಾ ಬರೋ ಹಾಗೆ ತೆಗೆಯಲು ನಾನೇ ಬೇಕಾ? ಲೆನ್ಸಿನ ಬಾಯಿ ಪೂರ್ತಿ ತೆರೆದು, ಲಕ್ಷ್ಮಿಯ ಮುಖದ ಹತ್ತಿರಕ್ಕೆ ಹೋಗಿ, ಉಸಿರು ಬಿಗಿಹಿಡಿದೆ. ಆಹಾ! ಮೂಗುಬೊಟ್ಟಿನ ಕೆಂಪು ಹರಳು ಸೂಜಿಮೊನೆಯ ಹಾಗೆ ಕೂತಿತ್ತು. ಕಣ್ಣು, ಕಿರೀಟ, ಹೂವು, ಸೀರೆ ಎಲ್ಲವೂ ಹಸಿರು ಬೆಣ್ಣೆಯಾಗಿ ಕರಗಿ ಹೋಗಿದ್ದವು. ಬಸವರಾಜ ನೋಡಿದ್ದರೆ ಕುಣಿದಾಡುತ್ತಿದ್ದ. ಪದ್ಮಳಿಗೂ ತೋರಿಸದೆ, ಆ ಖುಷಿಯಲ್ಲೇ ಫೋನಿಗೆ ಇಳಿಸಿಕೊಂಡು ಅತ್ತೆಗೆ ವಾಟ್ಸಾಪ್ ಮಾಡಿಬಿಟ್ಟೆ.

ಶನಿವಾರ ಪೂಜೆ ಮಾಡಿ ಕಳಶ ಕದಲಿಸಿ, ಸೀರೆ ಬಿಚ್ಚಿ ಮಡಿಸಿಟ್ಟಾಗ ಅತ್ತೆಯ ಫೋನು ಬಂತು. "ಪದ್ಮಾ, ನನ್ನ ಕಣ್ಣು ಹೋಯ್ತು ಕಣೇ. ನಿನ್ನೆಯಿಂದ ನೋಡ್ತಾ ಇದೀನಿ. ಮೂಗುಬೊಟ್ಟೊಂದು ಕಾಣತ್ತೆ, ನನ್ನ ಸೀರೆ ಕಾಣಲ್ಲ. ಇನ್ನೊಂದು ಕಣ್ಣು ಮಾತ್ರ ಆ ಡಾಕ್ಟ್ರ ಕೈಗೆ ಕೊಡಲ್ಲಮ್ಮ, ಇದ್ದಿದ್ರಲ್ಲೇ ಇರ್ತೀನಿ." ಪದ್ಮ ನನ್ನ ಫೋನು ಕಿತ್ತುಕೊಂಡು ಫೋಟೊ ನೋಡಿದಳು. ಬಾಯಲ್ಲಿ ಈಗ ಪಿನ್ನು ಇರಲಿಲ್ಲ, ಆದರೂ ಒಂದು ಮಾತೂ ಬೈಯಲಿಲ್ಲ. ಸೀರೆಯನ್ನೂ ಲಕ್ಷ್ಮಿಯ ಮುಖವಾಡವನ್ನೂ ಚೀಲಕ್ಕೆ ಹಾಕಿಕೊಂಡು "ನಡೀರಿ" ಅಂದಳು. ನನಗೆ ನಿಜಕ್ಕೂ ಭಯವಾಯಿತು.

ಅತ್ತಿಗುಪ್ಪೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. "ಅತ್ತೆ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಾನೇ ಬೇಕೂಂತ ಮಸುಕು ಮಾಡಿದ್ದು" ಅಂದೆ. ಅವರು ನಂಬಲಿಲ್ಲ. "ದೇವ್ರನ್ನ ಯಾರಾದ್ರೂ ಬೇಕೂಂತ ಮಸುಕು ಮಾಡ್ತಾರಾ? ಸಮಾಧಾನಕ್ಕೆ ಹೇಳ್ಬೇಡಿ ಅಳಿಯಂದ್ರೇ" ಅಂದರು. ಕ್ಯಾಮೆರಾದಲ್ಲಿದ್ದ ಇರುವೆ ತೋರಿಸಿದೆ, ಕರಿಬೇವು ತೋರಿಸಿದೆ; ತೋರಿಸಿದಷ್ಟೂ ಅವರ ಕಣ್ಣೀರು ಹೆಚ್ಚಾಯಿತು. ಕೊನೆಗೆ ಪದ್ಮ ಆ ಸೀರೆಯನ್ನೇ ತೆಗೆದು ತಾಯಿಯ ಮಡಿಲಲ್ಲಿಟ್ಟಳು. ಅತ್ತೆ ಕಣ್ಣೊರೆಸಿ, ಅಂಚು ಹಿಡಿದು, ಬೆಳಕಿಗೆ ತಿರುಗಿಸಿದರು. "ಹಂಸ ಕಾಣತ್ತೆ... ಅಯ್ಯೋ, ಇಲ್ಲೊಂದು ಎಣ್ಣೆ ಕಲೆ, ನನ್ನ ಮದುವೆ ದಿನ ಆಗಿದ್ದು!" ಅಂದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, "ಅಳಿಯಂದ್ರೇ, ಹೊಟ್ಟೆ ಮೇಲಿನ ಗುಂಡಿ ಕಿತ್ತು ಹೋಗಿದೆ" ಎಂದರು. ಪದ್ಮ ಅಳುತ್ತಾ ನಗುತ್ತಾ ಅವರನ್ನು ತಬ್ಬಿಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಕೇಳಿದರು: "ನನಗೂ ಡಾಕ್ಟ್ರು ಲೆನ್ಸೇ ಹಾಕಿದ್ದು. ನನ್ನದು ಮಸುಕು ಹೋಗಕ್ಕೆ. ನೀವು ಮಸುಕು ಬರ್ಲಿ ಅಂತ ಹಾಕ್ಕೊಂಡಿದೀರಾ?" ನಾನು ಕ್ಯಾಮೆರಾವನ್ನು ಅದರ ಚೀಲಕ್ಕೆ ಹಾಕಿ ಜಿಪ್ಪು ಎಳೆದೆ.

ಪೂಜೆಗಲ್ಲ, ಅಮ್ಮ ನೋಡಲಿ ಎಂದು ಪದ್ಮ ಅಲ್ಲೇ ಅಕ್ಕಿ ಡಬ್ಬದ ಮೇಲೆ ಇನ್ನೊಮ್ಮೆ ಸೀರೆ ಉಡಿಸಿದಳು. ಅತ್ತೆ ಪಕ್ಕದಲ್ಲಿ ಕೂತು "ಆ ನೆರಿಗೆ ಸ್ವಲ್ಪ ಬಲಕ್ಕೆ" ಎಂದು ಹೊಸ ಕಣ್ಣಿನಿಂದ ತಪ್ಪು ಹುಡುಕಿದರು. ಇನ್ನೊಂದು ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದರು. ಕೋಲು ಕಟ್ಟಲು ಹಗ್ಗ ಸಿಗದೆ, ಅದನ್ನು ಹಿಡಿದುಕೊಂಡು ಲಕ್ಷ್ಮಿಯ ಹಿಂದೆ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಪದ್ಮ ತನ್ನ ಫೋನಿನಲ್ಲಿ ಒಂದೇ ಒಂದು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದಳು. ಮೂಗುಬೊಟ್ಟು, ಅಂಚಿನ ಹಂಸ, ಅತ್ತೆಯ ನಗು, ಅವರೆಲ್ಲರ ಹಿಂದೆ ಬಾಯಿ ತೆರೆದು ಕೋಲು ಹಿಡಿದು ನಿಂತ ನಾನು, ಗುಂಡಿ ಇಲ್ಲದ ಕಡೆ ಇಣುಕುತ್ತಿದ್ದ ನನ್ನ ಹೊಟ್ಟೆ, ಒಂದನ್ನೂ ಬಿಡದೆ ಎಲ್ಲವೂ ಸ್ಪಷ್ಟ. ಹಿನ್ನೆಲೆ ಬೆಣ್ಣೆಯಂತೆ ಕರಗಲೇಬೇಕಿದ್ದ ಫೋಟೊ ಅದೊಂದೇ. ಆಗ ನನ್ನ ಕ್ಯಾಮೆರಾ ಚೀಲದಲ್ಲಿತ್ತು.